ವಾಣೀವಿಲಾಸದ ಬೆಚ್ಚನೆಯ ಕೋಣೆ

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಗದ್ದಲವನ್ನು ದಾಟಿ ಕೋಟೆಯ ಕಡೆಗೆ ನಡೆದರೆ ವಿಕ್ಟೋರಿಯಾ ಆಸ್ಪತ್ರೆಯ ಆವರಣವು ಸಿಕ್ಕುವುದು. ಪ್ರವಾಸಿಗಳು ಸಮೀಪದ ಟಿಪ್ಪುವಿನ ಅರಮನೆಯನ್ನು ನೋಡಿ ಹಿಂದಿರುಗುವರು. ಈ ಆವರಣದೊಳಕ್ಕೆ ಇಷ್ಟಪಟ್ಟು ಬರುವವರಿಲ್ಲ. ನಾವು ಗಂಡಹೆಂಡಿರೂ ಇಷ್ಟಪಟ್ಟು ಬಂದವರಲ್ಲ. ಕಳೆದ ಮಾಘಮಾಸದಲ್ಲಿ ಮಗಳ ಚೊಚ್ಚಲ ಹೆರಿಗೆಯ ನಿಮಿತ್ತ ಅರಸೀಕೆರೆಯಿಂದ ರೈಲು ಹತ್ತಿ ಬಂದೆವು.

ಚಾಮರಾಜೇಂದ್ರ ಒಡೆಯರವರು 1894ರಲ್ಲಿ ಕಾಲವಾದ ಮೇಲೆ, ಎಳೆಯ ಮಗನ ಪರವಾಗಿ 1902ರವರೆಗೆ ಮೈಸೂರು ಸಂಸ್ಥಾನವನ್ನು ನಡೆಸಿದವರು ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು. ಅವರ ಕಾಲದಲ್ಲಿಯೇ, 1900ರಲ್ಲಿ, ವಿಕ್ಟೋರಿಯಾ ಆಸ್ಪತ್ರೆಯು ತೆರೆಯಿತು. ಅವರ ಹೆಸರಿನ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯು 1935ರಲ್ಲಿ ಬಂದಿತು. ಮಕ್ಕಳನ್ನೂ ರಾಜ್ಯವನ್ನೂ ಒಟ್ಟಿಗೆ ಸಾಕಿದ ತಾಯಿಯೊಬ್ಬರ ಹೆಸರು ಅಂತಹ ಬಾಗಿಲಿಗೆ ಒಪ್ಪುವುದು.

ಮಗಳಿಗೆ ಬಸುರಿನಲ್ಲಿ ಸಕ್ಕರೆಯ ಕಾಯಿಲೆ ಕಾಣಿಸಿಕೊಂಡಿದ್ದಿತು. ಕೂಸು 4 ಕಿಲೊ 200 ಗ್ರಾಂ ತೂಗಿತು. ದುಂಡು ಕೆನ್ನೆ, ಕೆಂಪು ಮೈ! ನಾವು ಹಿಗ್ಗುತ್ತಿರುವಾಗಲೇ ಅದರ ಕೈಕಾಲುಗಳು ಅದುರತೊಡಗಿದುವು. ದಾದಿಯು ಹಿಮ್ಮಡಿಯನ್ನು ಚುಚ್ಚಿ ಒಂದು ತೊಟ್ಟು ರಕ್ತವನ್ನು ಪರೀಕ್ಷಿಸಿದಳು. ಡೆಸಿಲೀಟರಿಗೆ 45 ಮಿಲಿಗ್ರಾಮಿಗೆ ಮೇಲಿರಬೇಕಾದ ಸಕ್ಕರೆಯು 28ಕ್ಕೆ ಇಳಿದಿದ್ದಿತು. ಕೂಡಲೆ ಕೂಸನ್ನು ವಿಶೇಷ ಆರೈಕೆಯ ಕೋಣೆಗೆ ಒಯ್ದರು.

ಚಪ್ಪಲಿ ಬಿಟ್ಟು, ಮೊಳಕೈವರೆಗೆ ಸಾಬೂನಿನಿಂದ ತೊಳೆದು ಒಳಹೊಕ್ಕೆವು. ಬಾಣಂತಿಯ ಕೋಣೆಯಂತೆಯೇ ಬೆಚ್ಚಗಿದ್ದಿತು. ಆದರೆ ಸಾಂಬ್ರಾಣಿಯ ಹೊಗೆಯಿಲ್ಲ, ಮಾತಿಲ್ಲ, ಯಂತ್ರಗಳ ಸಣ್ಣ ಸದ್ದು ಮಾತ್ರ. ಅಂಗೈಯಗಲದ ಕೂಸುಗಳ ನಡುವೆ ನಮ್ಮ ಮೊಮ್ಮಗನು ಜಟ್ಟಿಯಂತೆ ಮಲಗಿದ್ದನು. ದೊಡ್ಡ ಕೂಸೆಂದರೆ ಗಟ್ಟಿ ಕೂಸೆಂಬ ನಮ್ಮ ನಂಬಿಕೆಯು ಅಲ್ಲಿಯೇ ಸಡಿಲಿತು. ಕಣ್ಣಿಗೆ ಪಟ್ಟಿ ಕಟ್ಟಿದ ಎರಡು ಕೂಸುಗಳು ಕಾಮಾಲೆಗಾಗಿ ನೀಲಿ ಬೆಳಕಿನ ಕೆಳಗಿದ್ದುವು. (1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಎಂಬಲ್ಲಿ ಜೀನ್ ವಾರ್ಡ್ ಎಂಬ ದಾದಿಯು ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದಾಗ, ಬಿಸಿಲು ತಾಕಿದೆಡೆ ಹಳದಿಯು ಮಾಸುವುದನ್ನು ಕಂಡಳು, ಈ ಚಿಕಿತ್ಸೆಗೆ ಅದೇ ಮೂಲ.)

ವೈದ್ಯರು ನಮಗೆ ತಾಳ್ಮೆಯಿಂದ ತಿಳಿಸಿದರು. ತಾಯಿಯ ರಕ್ತದ ಸಕ್ಕರೆಯು ಮಾಸಿನ ಮೂಲಕ ಕೂಸಿಗೆ ಹರಿಯುವುದು. ಆಕೆಯ ಇನ್ಸುಲಿನ್ ಹರಿಯದು. ಆದುದರಿಂದ ಕೂಸಿನ ಮೇದೋಜೀರಕ ಗ್ರಂಥಿಯೇ ಹೆಚ್ಚು ಇನ್ಸುಲಿನ್ನನ್ನು ಒಸರಿಸಿ ಆ ಸಕ್ಕರೆಯನ್ನೆಲ್ಲ ಕೊಬ್ಬಾಗಿಸುವುದು. ಹೊಕ್ಕುಳ ಬಳ್ಳಿಯನ್ನು ಕೊಯ್ದೊಡನೆ ಸಕ್ಕರೆ ನಿಲ್ಲುವುದು, ಇನ್ಸುಲಿನ್ ನಿಲ್ಲದು. ಇದ್ದಿಲು ಮುಗಿದರೂ ತಿದಿ ನಿಲ್ಲದ ಕುಲುಮೆಯಂತೆ!

ನಮ್ಮ ಕೈಚೀಲದಲ್ಲಿ ಜೇನುತುಪ್ಪದ ಸೀಸೆಯಿದ್ದಿತು. ಸಕ್ಕರೆ ಇಳಿದಿದ್ದರೆ ಒಂದು ಬೆರಳು ನೆಕ್ಕಿಸಬಾರದೇಕೆ? ದಾದಿಯು ತಡೆದಳು: "ಬೇಡಿ ಅಜ್ಜೀ. ವರ್ಷ ತುಂಬುವತನಕ ಜೇನು ಕೂಡದು. ಅದರಲ್ಲಿ ಕಾಣದ ರೋಗಬೀಜ ಇರಬಹುದು. ತಾಯಿಯ ಮೊದಲ ಹಾಲನ್ನು ತನ್ನಿ."

ಮಗಳು ಗೋಡೆಯ ಕಡೆಗೆ ತಿರುಗಿ ಅಳುತ್ತಿದ್ದಳು. "ಸೀಮಂತದ ದಿನ ಹೋಳಿಗೆ ತಿಂದೆನಲ್ಲಮ್ಮ, ಅದರಿಂದಲೇ ಹೀಗಾಯಿತೆ?" ಎಂದಳು. ಆ ಹೋಳಿಗೆಗೆ ತುಪ್ಪ ಸುರಿದವರೂ, ಕಾಯಿಲೆ ತಿಳಿದ ಮೇಲೆ ಅವಳನ್ನೇ ಗದರಿಸಿದವರೂ ನಾವೇ. ಮಾಸಿನಿಂದ ಒಸರುವ ರಸಗಳು ತಾಯಿಯ ಇನ್ಸುಲಿನ್ನಿನ ಬಲವನ್ನು ಕುಗ್ಗಿಸುವುದರಿಂದ ಈ ಕಾಯಿಲೆ ಬರುವುದೆಂದೂ, ಒಂದು ಹೋಳಿಗೆಯ ತಪ್ಪಲ್ಲವೆಂದೂ ವೈದ್ಯರು ಹೇಳಿದುದನ್ನು ಅವಳಿಗೆ ಹೇಳಿದೆವು. ಗದರಿಸಿದುದು ನಮ್ಮ ತಪ್ಪೆಂಬುದನ್ನೂ ಹೇಳಿದೆವು. ಅವಳು ಕಣ್ಣೊರೆಸಿಕೊಂಡು ಎದ್ದು ಕುಳಿತಳು.

ಮೊದಲ ಸಲ ಬಂದುದು ಏಳೆಂಟು ಹನಿ ಹಾಲು, ಜೇನಿನ ಬಣ್ಣದ್ದು. ಒಂದಿಷ್ಟೂ ಚೆಲ್ಲದಂತೆ ಅದನ್ನು ಆ ಕೋಣೆಗೆ ಒಯ್ದೆವು. ಅಲ್ಲಿ ದಾದಿಯು ಒಳಲೆಯನ್ನು ಕೈಗೆತ್ತಿಕೊಂಡಾಗ ನಮಗೆ ಬೆರಗಾಯಿತು. ನಮ್ಮ ಅಜ್ಜಿಯ ಕಾಲದ ಒಳಲೆಯು ಈ ಯಂತ್ರಗಳ ನಡುವೆಯೂ ಉಳಿದಿರುವುದೆಂದು ಯಾರು ತಾನೆ ಎಣಿಸಿಯಾರು? ಎರಡು ಗಂಟೆಗೊಮ್ಮೆ, ಹಗಲಿರುಳೂ, ಹಾಗೆಯೇ ನಡೆದೆವು. ರಕ್ತನಾಳಕ್ಕೆ ಗ್ಲೂಕೋಸು ಇಳಿಯುತ್ತಲಿದ್ದಿತು. ಸಂಜೆಗೆ 52; ಮರುದಿನ 61. ಮೂರನೆಯ ದಿನ ಸೂಜಿಯನ್ನು ತೆಗೆದು ಕೂಸನ್ನು ಮಗಳ ಮಡಿಲಿಗೆ ಕೊಟ್ಟರು.

ಆರು ವಾರಗಳ ಮೇಲೆ ಮಗಳ ರಕ್ತವನ್ನು ಮತ್ತೆ ಪರೀಕ್ಷಿಸಬೇಕು. ಆಮೇಲೆಯೂ ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿಯನ್ನು ಪಂಚಾಂಗದೊಳಗೆ ಇಟ್ಟಿದ್ದೇವೆ.