ಕೈ ಕೊಡುವವರು

‘ನೀನು ತಿಪ್ಪರಲಾಗ ಹಾಕಿದರೂ ಇದು ಆಗಲ್ಲ’ ಎನ್ನುವ ಮಾತನ್ನು ನಾವೆಲ್ಲ ಒಂದಲ್ಲ ಒಂದು ಕಡೆ ಕೇಳಿಯೇ ಇರುತ್ತೇವೆ. ಲಾಗ ಎಂದರೆ ಗಾಳಿಯಲ್ಲಿ ಮೈ ಮಗುಚಿ ಮತ್ತೆ ಕಾಲಮೇಲೆ ಬಂದು ನಿಲ್ಲುವುದು. ಮನುಷ್ಯನ ಮೈ ಕಲಿಯಬಹುದಾದ ಕಷ್ಟದ ಕೆಲಸಗಳಲ್ಲಿ ಒಂದಾದ ಅದನ್ನು ನಮ್ಮ ಆಡುಮಾತು ದಂಡದ ಪ್ರಯತ್ನಕ್ಕೆ ಉದಾಹರಣೆಯಾಗಿ ಇಟ್ಟುಕೊಂಡಿದೆ. ಊರಿನ ಮಧ್ಯೆ ದೊಂಬರಾಟ ಆಡಿ ಲಾಗ ಹಾಕಿದವರಿಗೆ ಒಂದು ಮೊರ ರಾಗಿ, ಹಳೇ ಬಟ್ಟೆ ಕೊಟ್ಟು ಮುಂದಿನ ಊರಿಗೆ ಕಳಿಸಿದ ಸಮಾಜದ ಮಾತು ಹಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ನನ್ನ ಪಿಎಚ್‌.ಡಿ. ಇರುವುದು ಹಳೇ ಮೈಸೂರು ಭಾಗದ ಗರಡಿ ಮನೆಗಳ ಮಾತಿನ ಮೇಲೆ. ಮಟ್ಟಿ, ಸಾಮು, ಪಟ್ಟು, ಉಸ್ತಾದ ಎಂಬಂಥ ಪದಗಳನ್ನು ಹುಡುಕಿಕೊಂಡು ಮೈಸೂರು, ಮಂಡ್ಯ ಸೀಮೆ ಸುತ್ತುತ್ತೇನೆ. ಹಗಲು ಈ ಕೆಲಸ. ಸಂಜೆ ನಾಲ್ಕೂವರೆಯಾದರೆ ಶ್ರೀರಂಗಪಟ್ಟಣದ ಬಳಿ ನಾನು ಪದವಿ ಓದಿದ ಕಾಲೇಜಿಗೆ ಹೋಗಿ ಜಿಮ್ನಾಸ್ಟಿಕ್ಸ್ ಹುಡುಗರ ಪಕ್ಕ ನಿಲ್ಲುತ್ತೇನೆ. ಅಲ್ಲಿ ನನಗಿರುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಸ್ಪಾಟಿಂಗ್ ಎನ್ನುತ್ತಾರೆ. ಲಾಗ ಹಾಕುವವರ ಸೊಂಟಕ್ಕೆ ಸರಿಯಾದ ಹೊತ್ತಿಗೆ ಅಂಗೈ ಆನಿಸುವುದು, ತಪ್ಪಿದರೆ ತಲೆ, ಕುತ್ತಿಗೆ ನೆಲಕ್ಕೆ ತಾಗದಂತೆ ಹಿಡಿಯುವುದು. ನಮ್ಮ ತಂಡದಲ್ಲಿ ಇದಕ್ಕೆ ಇರುವ ಮಾತು ‘ಕೈ ಕೊಡೋದು’. ‘ಅಣ್ಣ, ಒಂದ್ ಕೈ ಕೊಡಿ’ ಎಂದು ಕರೆಯುತ್ತಾರೆ. ಹೊರಗಿನ ಲೋಕದಲ್ಲಿ ಕೈ ಕೊಡುವುದೆಂದರೆ ನಂಬಿಸಿ ಮೋಸ ಮಾಡುವುದು. ಒಂದೇ ಮಾತಿಗೆ ಎರಡು ವಿರುದ್ಧ ಅರ್ಥ. ಈ ಎರಡರ ನಡುವಿನ ದೂರ ಎಷ್ಟು ಕಡಿಮೆ ಎಂಬುದು ನನಗೆ ತಿಳಿದದ್ದು ಈ ವರ್ಷದ ತಯಾರಿಯಲ್ಲಿ.

ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಈ ಸಲ ನಮ್ಮ ಕಾಲೇಜಿನಿಂದ ನಾಲ್ವರು ಆಯ್ಕೆಯಾಗಿದ್ದಾರೆ, ನಾಲ್ಕು ತಾಲ್ಲೂಕಿನವರು. ತಂಡದಲ್ಲಿ ಯಾರಿಗೂ ಹೆಸರಿಲ್ಲ, ಊರೇ ಹೆಸರು. ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿ, ಪಾಂಡವಪುರದ ಕಡೆಯ ಮೇಲುಕೋಟೆ, ನಾಗಮಂಗಲದ ಬೆಳ್ಳೂರು, ಕೆ.ಆರ್. ಪೇಟೆಯ ಕಿಕ್ಕೇರಿ. ಮೇಲುಕೋಟೆ ಎಂದರೆ ಪು.ತಿ.ನ., ಕಿಕ್ಕೇರಿ ಎಂದರೆ ಕೆ.ಎಸ್. ನರಸಿಂಹಸ್ವಾಮಿ ಎಂದು ಓದಿ ಬೆಳೆದ ನನಗೆ ಈಗ ಮೇಲುಕೋಟೆ ಎಂದರೆ ಬೀಮ್ ಮೇಲೆ ಉಸಿರು ಬಿಗಿಹಿಡಿದು ನಡೆಯುವ ಹುಡುಗಿ, ಕಿಕ್ಕೇರಿ ಎಂದರೆ ಫ್ಲೋರ್‌ನಲ್ಲಿ ಓಡಿಬಂದು ಹಾರುವ ಹುಡುಗಿ. ಕಿಕ್ಕೇರಿ ದಿನಾ ಬಸ್ಸಿನಲ್ಲೇ ಓಡಾಡುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ಸು ಉಚಿತವಾಗದಿದ್ದರೆ ತನ್ನನ್ನು ಪ್ರಾಕ್ಟೀಸಿಗೆ ಕಳಿಸುತ್ತಿರಲಿಲ್ಲ ಎಂದು ಅವಳೇ ಹೇಳುತ್ತಾಳೆ.

ನಮ್ಮದು ಹಳೆಯ ಹಾಲ್. ಸ್ಪ್ರಿಂಗ್ ಇರುವ ಫ್ಲೋರ್ ಇಲ್ಲ. ತೆಂಗಿನ ನಾರಿನ ಮ್ಯಾಟಿನ ಮೇಲೆ ಫೋಮ್ ಮ್ಯಾಟ್ ಹಾಸಿಕೊಳ್ಳುತ್ತೇವೆ. ಎರಡು ಮ್ಯಾಟಿನ ನಡುವೆ ಸಂದು ಬಿಡದಂತೆ ನೋಡಿಕೊಳ್ಳುವುದೇ ಮೊದಲ ಪಾಠ. ಆದರೆ ನಮಗೆ ದೊಡ್ಡ ಕೊರತೆ ಸಲಕರಣೆಯದಲ್ಲ, ವಯಸ್ಸಿನದು. ಜಿಮ್ನಾಸ್ಟಿಕ್ಸ್ ಆರೇಳು ವರ್ಷಕ್ಕೇ ಶುರುವಾಗಬೇಕಾದ ವಿದ್ಯೆ. ನಮ್ಮವರು ಪಿಯುಸಿಗೆ ಬಂದ ಮೇಲೆ ಶುರು ಮಾಡಿದವರು. ಅದಕ್ಕೂ ಮುಂಚೆ ಅವರು ಕಲಿತದ್ದೆಲ್ಲ ನಾಲೆಯ ಏರಿಯಿಂದ ನೀರಿಗೆ ಧುಮುಕುವುದು, ಹುಲ್ಲಿನ ಮೆದೆಯ ಮೇಲಿಂದ ಪಲ್ಟಿ ಹೊಡೆಯುವುದು. ಧೈರ್ಯಕ್ಕೆ ಕಡಿಮೆಯಿಲ್ಲ. ಮಂಡಿ, ಹಿಮ್ಮಡಿ, ಭುಜಗಳಿಗೆ ಮಾತ್ರ ಈ ಅಭ್ಯಾಸ ತಡವಾಗಿ ಸಿಕ್ಕಿದೆ.

ಈ ಆಟದ ಲೆಕ್ಕವೂ ವಿಚಿತ್ರ. ಕಷ್ಟದ ಅಂಕ ಒಂದು ಕಡೆ ಕೂಡುತ್ತಾ ಹೋಗುತ್ತದೆ. ಅಚ್ಚುಕಟ್ಟಿನ ಅಂಕ ಇನ್ನೊಂದು ಕಡೆ 10ರಿಂದ ಇಳಿಯುತ್ತಾ ಬರುತ್ತದೆ. ಮಂಡಿ ಬಾಗಿದರೆ, ಕಾಲು ಬಿಚ್ಚಿದರೆ, ನಿಂತ ಮೇಲೆ ಒಂದು ಹೆಜ್ಜೆ ಸರಿದರೆ ತಪ್ಪಿನ ತೂಕ ನೋಡಿ 0.1, 0.3, 0.5 ಕಳೆಯುತ್ತಾರೆ. ಬಿದ್ದರೆ ಪೂರಾ 1. ಪಕ್ಕದಲ್ಲಿರುವವರು ಮುಟ್ಟಿ ಆಸರೆ ಕೊಟ್ಟರೂ 1 ಹೋಗುತ್ತದೆ, ಆ ಲಾಗವನ್ನು ಮಾಡಿದಂತೆಯೇ ಲೆಕ್ಕಕ್ಕಿಲ್ಲ. ಅಂದರೆ ವರ್ಷವಿಡೀ ನಾನು ಮಾಡುವ ಕೆಲಸ ಸ್ಪರ್ಧೆಯ ದಿನ ಅಪರಾಧ. ನನ್ನ ಕೈ ಒಂದು ದಿನ ಬೇಡವಾಗಬೇಕು ಎಂದೇ ನಾನು ಅದನ್ನು ಕೊಡುವುದು.

ಗರಡಿಯ ಟಿಪ್ಪಣಿಗಳಲ್ಲಿ ಈ ಕೆಲಸಕ್ಕೊಂದು ಕನ್ನಡ ಪದ ಹುಡುಕಿದೆ. ನಮ್ಮ ಸೀಮೆಯಲ್ಲಿ ಮೈಯ ವಿದ್ಯೆಗೆ ಚರಿತ್ರೆ ಕಡಿಮೆಯೇನಿಲ್ಲ. ಕಲ್ಯಾಣದ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಕಂಬದ ಪ್ರಸ್ತಾಪವಿದೆ. ಇದೇ ಶ್ರೀರಂಗಪಟ್ಟಣದಲ್ಲಿ 1610ರಲ್ಲಿ ರಾಜ ಒಡೆಯರು ದಸರಾ ಆರಂಭಿಸಿದರು. ಕುಸ್ತಿಯಿಲ್ಲದ ದಸರಾ ನಮಗೆ ಇವತ್ತಿಗೂ ದಸರಾ ಅಲ್ಲ. ರಣಧೀರ ಕಂಠೀರವರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಜಟ್ಟಿಯನ್ನು ಸೋಲಿಸಿದ ಕಥೆಯನ್ನು ಹೇಳದ ಉಸ್ತಾದರನ್ನು ನಾನು ಕಂಡಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ತೆರೆಯಿತು. ಮರುವರ್ಷ ಅವರ ‘ಯೋಗಮಕರಂದ’ ಅಚ್ಚಾದದ್ದು ಕನ್ನಡದಲ್ಲಿ. ಸಾಹಿತ್ಯದ ವಿದ್ಯಾರ್ಥಿಗಳು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಬಲ್ಲ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದವರು, ಕೈಲಾಸಂ ಗೆಳೆಯರು. ಕಾದಂಬರಿಯನ್ನೂ ಕಸರತ್ತನ್ನೂ ಒಬ್ಬರೇ ಮಾಡಬಹುದೆಂದು ಅವರನ್ನು ನೋಡಿ ನಂಬಬೇಕು. ಈ ಎಲ್ಲ ಚರಿತ್ರೆಯಲ್ಲಿ ಗೆದ್ದವರ ಹೆಸರಿದೆ, ಕಲಿಸಿದವರ ಹೆಸರಿದೆ. ಪಕ್ಕದಲ್ಲಿ ಅಂಗೈ ಚಾಚಿ ನಿಂತವರಿಗೆ ಹೆಸರು ಹಾಗಿರಲಿ, ಒಂದು ಪದವೂ ನನಗೆ ಸಿಕ್ಕಿಲ್ಲ. ಹುಡುಗರ ‘ಕೈ ಕೊಡೋದು’ ಎಂಬುದನ್ನೇ ಟಿಪ್ಪಣಿಗೆ ಸೇರಿಸಿಕೊಂಡೆ.

ಈ ಕೈಗೆ ನಿಯಮಗಳಿವೆ. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು, ಎಲ್ಲರ ಬಾಯಲ್ಲಿ ಪಿ.ಡಿ. ಸರ್, ಅವನ್ನು ಮೊದಲ ದಿನವೇ ಎಲ್ಲರೆದುರು ಹೇಳುತ್ತಾರೆ. ಬೆರಳು ಮಡಿಸಬಾರದು, ಅಂಗೈ ಬಿಚ್ಚಿರಬೇಕು. ಎಲ್ಲಿ ಮುಟ್ಟುತ್ತೇನೆಂದು ಮೊದಲೇ ಹೇಳಬೇಕು. ಬಾಗಿಲು ತೆರೆದಿರಬೇಕು. ಹುಡುಗಿಯರಿಗೆ ಕೈ ಕೊಡಲು ಒಬ್ಬ ಹುಡುಗಿಯೂ ಕಲಿತಿರಬೇಕು. ಆ ಕೆಲಸವನ್ನು ಮೇಲುಕೋಟೆ ಕಲಿತಿದ್ದಾಳೆ. ಒಮ್ಮೆ ಕಿಕ್ಕೇರಿಯ ಅವ್ವ ಹೇಳದೇ ಕೇಳದೇ ಬಂದು ಹಾಲಿನ ಬೆಂಚಿನ ಮೇಲೆ ಕೂತರು. ಎರಡು ಗಂಟೆ ಅವರು ಮಗಳನ್ನು ನೋಡಲಿಲ್ಲ, ನನ್ನ ಕೈಯನ್ನೇ ನೋಡಿದರು. ಹೊರಡುವಾಗ ನನ್ನ ಹತ್ತಿರ ಬಂದು ಇಷ್ಟೇ ಅಂದರು: ‘ಬೀಳಾಕ್ ಬುಡ್ಬ್ಯಾಡ ಕಣಪ್ಪ.’

ಬಿದ್ದವನೊಬ್ಬ ನಮ್ಮಲ್ಲಿದ್ದಾನೆ. ಪಾಂಡವಪುರ ತಾಲ್ಲೂಕಿನ ಚಿನಕುರಳಿಯವನು. ಹೋದ ವರ್ಷ ತಂಡದಲ್ಲಿ ಅವನಷ್ಟು ಎತ್ತರ ಹಾರುವವರು ಇರಲಿಲ್ಲ. ಪರೀಕ್ಷೆಯ ರಜೆಯಲ್ಲಿ ಊರಿನ ಶಾಲೆಯ ಮೈದಾನದಲ್ಲಿ, ಸುತ್ತ ಯಾರೂ ಇಲ್ಲದಾಗ, ಸುತ್ತುಲಾಗ ಹಾಕಿದ. ಮೈ ಇನ್ನೂ ತಿರುಗುತ್ತಿತ್ತು, ಪಾದ ನೆಲ ಕಚ್ಚಿತ್ತು. ‘ಮಂಡಿ ಕೈ ಕೊಡ್ತು ಕಣಣ್ಣ’ ಎಂದು ಆಸ್ಪತ್ರೆಯಿಂದ ಫೋನ್ ಮಾಡಿದ. ಮಂಡಿಯೊಳಗಿನ ಎಸಿಎಲ್ ಎಂಬ ತಂತು ಹರಿದಿತ್ತು. ಅದೇ ತಂತಿಗೆ 2017ರಲ್ಲಿ ದೀಪಾ ಕರ್ಮಾಕರ್ ಕೂಡ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ ಪಡೆದು, ಬರೀ 0.150 ಅಂತರದಲ್ಲಿ ಕಂಚು ತಪ್ಪಿಸಿಕೊಂಡ ತ್ರಿಪುರದ ಹುಡುಗಿ. ಅವರು ಎದ್ದು ಬಂದು 2018ರಲ್ಲಿ ಟರ್ಕಿಯ ಮೆರ್ಸಿನ್‌ನಲ್ಲಿ ವಿಶ್ವ ಚಾಲೆಂಜ್ ಕಪ್ ಚಿನ್ನ ಗೆದ್ದರು. ಚಿನಕುರಳಿಯ ಅಪ್ಪ ಕಬ್ಬಿನ ದುಡ್ಡಿನಲ್ಲಿ ಆಪರೇಷನ್ ಮಾಡಿಸಿದರು, ಮಗ ನಡೆಯುವಂತಾದ. ಆರೈಕೆ ಮಾಡಿ ಮತ್ತೆ ಹಾರಿಸುವ ವ್ಯವಸ್ಥೆ ಅವನ ಪಾಲಿಗೆ ಇರಲಿಲ್ಲ. ಈಗ ಟಾಟಾ ಏಸ್ ಓಡಿಸುತ್ತಾನೆ, ಆಲೆಮನೆಗಳಿಂದ ಮಂಡ್ಯದ ಮಾರುಕಟ್ಟೆಗೆ ಬೆಲ್ಲ ಹೊಡೆಯುತ್ತಾನೆ.

ಕೂಟಕ್ಕೆ ಹನ್ನೆರಡು ದಿನ ಇರುವಾಗ ಕಿಕ್ಕೇರಿಯ ಸಮಸ್ಯೆ ಎದುರಾಯಿತು. ಅವಳ ಫ್ಲೋರ್‌ನ ಕೊನೆಯ ಸಾಲಿನಲ್ಲಿ ಅದೇ ಸುತ್ತುಲಾಗ ಇತ್ತು: ಮೈ ಚಾಚಿ ಹಿಂದಕ್ಕೆ ಮಗುಚುತ್ತಾ ಒಂದು ಪೂರ್ತಿ ಸುತ್ತು. ನನ್ನ ಕೈ ಸೊಂಟದ ಹತ್ತಿರ ಇದ್ದರೆ ಹತ್ತರಲ್ಲಿ ಒಂಬತ್ತು ಸಲ ನಿಲ್ಲುತ್ತಾಳೆ. ಎರಡು ವಾರದಿಂದ ಆ ಕೈ ಮೇಲೆ ಅವಳ ಭಾರ ಬಿದ್ದೇ ಇಲ್ಲ, ಅಂಗೈಗೂ ಅವಳಿಗೂ ನಡುವೆ ನಾಲ್ಕು ಬೆರಳು ಗಾಳಿ. ಆದರೂ ನಾನು ಎರಡು ಹೆಜ್ಜೆ ದೂರ ನಿಂತರೆ ಅವಳ ಸುತ್ತು ಅರ್ಧಕ್ಕೇ ನಿಲ್ಲುತ್ತದೆ, ಒಂದು ಕಾಲು ಮೊದಲು ಇಳಿಯುತ್ತದೆ. ಚಿನಕುರಳಿಯ ಮಂಡಿ ಹೋದದ್ದು ಇಳಿಯುವ ಆ ಗಳಿಗೆಯಲ್ಲೇ.

ನಾನು ಮುಟ್ಟುತ್ತಿಲ್ಲವೆಂದು ಹೇಳಿಬಿಟ್ಟರೆ ಧೈರ್ಯ ಬಂದೀತೇ, ಇರುವ ಧೈರ್ಯವೂ ಹೋದೀತೇ ಎಂದು ನಾನೂ ಪಿ.ಡಿ. ಸರ್ ಕೂಡಿ ಯೋಚಿಸುತ್ತಿದ್ದಾಗ ಅವಳೇ ಬಂದು ಅಂದಳು:

‘ನೀವು ಮುಟ್ಟಾಕಿಲ್ಲ ಅಂತ ನಂಗೊತ್ತು ಕಣಣ್ಣ. ಮೊದ್ಲಿಂದ್ಲೂ ಗೊತ್ತು. ಮುಟ್ಟೋದು ಬ್ಯಾಡ. ಇದ್ರೆ ಸಾಕು.’

‘ಅಲ್ಲಿ ಇರಾಕಾಗಲ್ವಲ್ಲವ್ವ.’

‘ಅದ್ಕೇ ಹೇಳಾಕ್ ಬಂದೆ. ಅದ ತೆಗ್ದಾಕ್ಬುಡನ ಸರ್. ಸುತ್ತು ಬ್ಯಾಡ, ಬರೀ ನೀಟ್ ಲಾಗ ಹಾಕ್ತೀನಿ.’

ಪಿ.ಡಿ. ಸರ್ ಗೋಡೆಯ ಬೋರ್ಡಿನ ಮೇಲೆ ಲೆಕ್ಕ ಹಾಕಿದರು. ಸುತ್ತು ಬಿಟ್ಟರೆ ಕಷ್ಟದ ಅಂಕದಲ್ಲಿ ಹೋಗುವುದು ಕೆಲವೇ ದಶಾಂಶ. ಸುತ್ತಿ ಬಿದ್ದರೆ ಒಂದು ಅಂಕ. ಲೆಕ್ಕ ಅವಳ ಕಡೆಗೇ ಇತ್ತು. ಆದರೆ ಎಲ್ಲ ತಂಡಗಳ ಹುಡುಗಿಯರೂ ಸುತ್ತುವ ಕಡೆ ತಾನೊಬ್ಬಳು ಸುತ್ತದೆ ಇಳಿಯುವುದು ಎಷ್ಟು ಕಷ್ಟವೆಂದು ಬೋರ್ಡಿಗೆ ಗೊತ್ತಾಗುವುದಿಲ್ಲ. ಮೂರು ವರ್ಷದ ಆಸೆಯನ್ನು ಅವಳು ಬೋರ್ಡಿನಿಂದ ತಾನೇ ಅಂಗೈಯಲ್ಲಿ ಉಜ್ಜಿ ಅಳಿಸಿದಳು. ಆಮೇಲೆ ಬಸ್ಸಿನ ಹೊತ್ತಾಯಿತೆಂದು ಓಡಿದಳು.

ಆಟದ ಬಗ್ಗೆ ನಾವು ಓದುವ ಬರಹಗಳಲ್ಲಿ ಕೊನೆಗೆ ಹುಡುಗಿ ಭಯ ಗೆದ್ದು ಸುತ್ತುತ್ತಾಳೆ. ನನಗೆ ಅಂಥ ಬರಹಗಳ ಮೇಲೆ ಈಗ ಅನುಮಾನ. ತಡವಾಗಿ ಕಲಿತ ಮೈ ತನ್ನ ಅಳತೆ ತಾನೇ ತಿಳಿದು ‘ಇಷ್ಟು ಸಾಕು’ ಅನ್ನುವುದಕ್ಕೂ ತರಬೇತಿ ಬೇಕು. ಅದನ್ನು ಕಲಿಸದೆ ‘ನಿನ್ನಿಂದ ಆಗುತ್ತೆ’ ಎಂದಷ್ಟೇ ಹುರಿದುಂಬಿಸಿ ಕಳಿಸುವುದು ನಮ್ಮ ಮಾತಿನ ಎರಡನೆಯ ಅರ್ಥದಲ್ಲಿ ಕೈ ಕೊಟ್ಟಂತೆ. ಇದು ಜಿಮ್ನಾಸ್ಟಿಕ್ಸ್‌ಗೆ ಮಾತ್ರ ಸೇರಿದ್ದಲ್ಲ. ಈ ನಾಲ್ಕು ತಾಲ್ಲೂಕಿನಿಂದ ಸ್ಪರ್ಧಾತ್ಮಕ ಪರೀಕ್ಷೆಗೆಂದು ಮೈಸೂರು, ಬೆಂಗಳೂರಿನ ರೂಮುಗಳಲ್ಲಿ ಕೂತ ನನ್ನ ಗೆಳೆಯರಿಗೂ ಹುರಿದುಂಬಿಸುವವರು ಬೇಕಾದಷ್ಟು ಸಿಕ್ಕರು. ನಾಲ್ಕು ಬೆರಳ ದೂರದಲ್ಲಿ ಅಂಗೈ ಬಿಚ್ಚಿ ನಿಂತವರು ಕಡಿಮೆ.

ಮರುದಿನದಿಂದ ಕಿಕ್ಕೇರಿಗೆ ನನ್ನ ಕೈ ಬೇಕಾಗಲಿಲ್ಲ. ಸುತ್ತಿಲ್ಲದ ಲಾಗವನ್ನು ಅವಳು ಅದೆಷ್ಟು ನೇರವಾಗಿ, ಎತ್ತರಕ್ಕೆ ಹಾಕಿ ನಿಲ್ಲುತ್ತಾಳೆಂದರೆ ಬೀಮ್ ಮೇಲಿದ್ದ ಮೇಲುಕೋಟೆ ಕೂಡ ತಿರುಗಿ ನೋಡುತ್ತಾಳೆ. 10 ಸೆಂಟಿಮೀಟರ್ ಅಗಲದ ಬೀಮ್ ಮೇಲೆ ತಿರುಗಿ ನೋಡಬಾರದು ಎಂದು ಪಿ.ಡಿ. ಸರ್ ಬೈಯುತ್ತಾರೆ.

ಸೋಮವಾರ ರಾತ್ರಿ ಮೈಸೂರಿನಿಂದ ರೈಲು. ನಾಲ್ವರೂ ಪಿ.ಡಿ. ಸರ್ ಜೊತೆ ಹೊರಡುತ್ತಾರೆ. ಕೈ ಕೊಡುವವರಿಗೆ ಟಿಕೆಟ್ ಇಲ್ಲ. ಮೊನ್ನೆ ಸಂಜೆ ಚಿನಕುರಳಿ ಖಾಲಿ ಗಾಡಿ ಹೊರಗೆ ನಿಲ್ಲಿಸಿ ಒಳಗೆ ಬಂದ. ಬೆಳ್ಳೂರು ಹೈ ಬಾರ್‌ನಿಂದ ಇಳಿಯುವಾಗ ಯಾರೂ ಹೇಳದಿದ್ದರೂ ಹೋಗಿ ಕೆಳಗೆ ನಿಂತ. ಮಂಡಿ ಸ್ವಲ್ಪ ಬಾಗಿಸಿ, ಎರಡೂ ಅಂಗೈ ಮೇಲೆತ್ತಿ, ಕಣ್ಣು ಬೆಳ್ಳೂರಿನ ಸೊಂಟದ ಮೇಲಿಟ್ಟು ನಿಂತ. ನನಗಿಂತ ಚೆನ್ನಾಗಿ ನಿಂತ. ಆಮೇಲೆ ಬಾಗಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಇಣುಕುತ್ತಿದ್ದ ಮೊದಲ ವರ್ಷದ ಮೂವರನ್ನು ಒಳಗೆ ಕರೆದು, ‘ಬನ್ರಲಾ, ಮೊದ್ಲು ಮ್ಯಾಟ್ ಸರಿಯಾಗಿ ಜೋಡ್ಸೋದ್ ಕಲೀರಿ. ಸಂದು ಬುಡ್ಬಾರ್ದು’ ಅಂದ.