ನಿಲ್ಲದ ಬಲಗೈ

ಕಲಿಕೆಗೆ ವಯಸ್ಸಿನ ಹಂಗಿಲ್ಲವೆಂದು ತರಗತಿಯಲ್ಲಿ ದಶಕಗಳ ಕಾಲ ಹೇಳಿದವನಿಗೆ, ಆ ಮಾತನ್ನು ತನ್ನ ಬೆರಳುಗಳ ಮೇಲೆಯೇ ಪರೀಕ್ಷಿಸಿಕೊಳ್ಳುವ ಯೋಗ ಅರುವತ್ತೆಂಟನೆಯ ವಯಸ್ಸಿನಲ್ಲಿ ಒದಗಿತು. ಮಗ ಬಿಟ್ಟುಹೋಗಿದ್ದ ಗಿಟಾರಿಗೆ ಹೊಸ ತಂತಿ ಹಾಕಿಸಿ ಅಭ್ಯಾಸಕ್ಕೆ ಕುಳಿತು ಈಗ ಎಂಟು ತಿಂಗಳು. ಇದನ್ನರಿತ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ತಾವೂ ಕಲಿಯುತ್ತಿರುವುದಾಗಿ ತಿಳಿಸಿದ್ದಾರೆ. ಅವರೆಲ್ಲರ ಅಳಲೂ ಒಂದೇ: "ಸಾರ್, ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಾಡೇ ನಿಂತುಹೋಗುತ್ತದೆ."

ಹೊಸಬರ ಕಣ್ಣು ಸದಾ ಎಡಗೈಯ ಮೇಲಿರುತ್ತದೆ. ಆದರೆ ಹಾಡನ್ನು ನಡೆಸುವುದು ಬಲಗೈ. ನಮ್ಮ ಹಿರಿಯರು ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಕರೆದರು. ಮಸುಕಾದ ಒಂದು ಸ್ವರವನ್ನು ಕೇಳುಗನ ಕಿವಿ ಮನ್ನಿಸೀತು. ಮುರಿದ ಲಯವನ್ನು ಮನ್ನಿಸದು.

ನಾಲ್ಕು ಎಣಿಕೆಗಳಲ್ಲಿ ಬಲಗೈಗೆ ಎಂಟು ಚಲನೆಗಳು: ನಾಲ್ಕು ಕೆಳಕ್ಕೆ, ನಾಲ್ಕು ಮೇಲಕ್ಕೆ. ಹೊಸಬರಿಗೆ ಸಾಮಾನ್ಯವಾಗಿ ಕಲಿಸುವ ಮೀಟಿನ ಕ್ರಮ ಹೀಗಿದೆ: ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ. ಇದರಲ್ಲಿ ನುಡಿಯುವುದು ಆರೇ ಮೀಟು. ಮೊದಲ ಎಣಿಕೆಯ ಬಳಿಕ ಮೇಲೇರುವಾಗಲೂ, ಮೂರನೆಯ ಎಣಿಕೆಗೆ ಕೆಳಗಿಳಿಯುವಾಗಲೂ ಕೈ ತಂತಿಯನ್ನು ಮುಟ್ಟದೆ ಸಾಗುತ್ತದೆ, ನಿಲ್ಲುವುದಿಲ್ಲ. ಆದಿತಾಳ ಹಾಕುವಾಗ ದ್ರುತದ ಪೆಟ್ಟಿನ ನಂತರ ಅಂಗೈ ಮಗುಚುತ್ತೇವಲ್ಲ, ಹಾಗೆಯೇ: ಸದ್ದಿಲ್ಲ, ಆದರೆ ಎಣಿಕೆಯುಂಟು.

ಇನ್ನು ಎಡಗೈಯ ವಿಚಾರ. ಎಲ್ಲ ಬೆರಳುಗಳನ್ನೂ ಎತ್ತಿ ಹೊಸದಾಗಿ ಹುಡುಕುವ ಬದಲು ಯಾವುದು ಕದಲಬೇಕಿಲ್ಲವೆಂಬುದನ್ನು ಮೊದಲು ನೋಡಬೇಕು. ಸಿ ಕಾರ್ಡಿನಿಂದ ಎ ಮೈನರಿಗೆ ಹೋಗಲು ಉಂಗುರ ಬೆರಳೊಂದು ಸರಿದರೆ ಸಾಕು. ಉಳಿದೆರಡು ಇದ್ದಲ್ಲೇ ಇರುತ್ತವೆ. ಇ ಮೇಜರಿನ ಹಿಡಿತವನ್ನು ಹಾಗೆಯೇ ಒಂದು ತಂತಿ ಕೆಳಕ್ಕೆ ಜಾರಿಸಿದರೆ ಅದೇ ಎ ಮೈನರ್. ಬೆರಳು ಫ್ರೆಟ್ಟಿನ ಪಟ್ಟಿಗೆ ತೀರ ಹತ್ತಿರ, ಅದರ ಹಿಂದೆಯೇ ಕುಳಿತರೆ ಹೆಚ್ಚು ಒತ್ತುವ ಅಗತ್ಯವಿಲ್ಲ. ಎರಡು ಕಾರ್ಡುಗಳನ್ನು ಆರಿಸಿಕೊಂಡು ಒಂದು ನಿಮಿಷದಲ್ಲಿ ಎಷ್ಟು ಬಾರಿ ಬದಲಾಯಿಸಬಲ್ಲೆವೆಂದು ದಿನವೂ ಎಣಿಸಿ ಬರೆದಿಡುವುದು ಒಳ್ಳೆಯದು. ನನ್ನ ಪುಸ್ತಕದಲ್ಲಿ ಮೊದಲ ವಾರದ ಸಂಖ್ಯೆ 11, ಕಳೆದ ವಾರದ್ದು 38.

ಬಳಿಕ ಮೆಟ್ರೊನೋಮನ್ನು ನಿಮಿಷಕ್ಕೆ 60ರ ನಡೆಯಲ್ಲಿಟ್ಟು ನುಡಿಸಬೇಕು. ಎಡಗೈ ತಡವಾದರೂ ಬಲಗೈ ಕಾಯಬಾರದು. ಕೊನೆಯ ಮೇಲ್ಮೀಟಿನ ಹೊತ್ತಿಗೇ ಎಡಗೈ ಎದ್ದು ಹೊರಡಲಿ. ಆ ಕ್ಷಣ ಬರಿಯ ತಂತಿಗಳು ನುಡಿದರೂ ಬಾಧಕವಿಲ್ಲ. ನುರಿತವರೂ ಹೀಗೆ ಮಾಡುವುದುಂಟು.

ಬೆರಳು ಬಗ್ಗದೆ ಮನಸ್ಸು ಕುಗ್ಗಿದಾಗ ನಾನು ಜಾಂಗೊ ರೈನ್‌ಹಾರ್ಟ್‌ನನ್ನು ನೆನೆಯುತ್ತೇನೆ. 1928ರ ಬೆಂಕಿ ಅವಘಡದಲ್ಲಿ ಆತನ ಎಡಗೈಯ ಉಂಗುರ ಬೆರಳೂ ಕಿರುಬೆರಳೂ ಊನಗೊಂಡವು. ಉಳಿದೆರಡು ಬೆರಳುಗಳನ್ನೇ ನೆಚ್ಚಿ ಆತ ತನ್ನ ವಾದನವನ್ನು ಹೊಸದಾಗಿ ಕಟ್ಟಿಕೊಂಡ. ಯುರೋಪಿನ ಜಾಝ್ ಸಂಗೀತದಲ್ಲಿ ಅಗ್ರಗಣ್ಯನಾದ.

ನನಗೆ ಅಂಥ ಎತ್ತರದ ಆಸೆಯಿಲ್ಲ. ಮೊಮ್ಮಗಳು ರಜೆಗೆ ಬಂದಾಗ ಅವಳ ಹಾಡಿಗೆ ಜೊತೆಯಾಗಬೇಕು, ಅಷ್ಟೆ. ಗಿಟಾರ್ ನಿಂತರೆ ಮಗು ಮುಖ ನೋಡುತ್ತಾ ತಾನೂ ನಿಲ್ಲುತ್ತದೆ. ಬಲಗೈ ನಡೆಯುತ್ತಿದ್ದರೆ, ನಡುವೆ ಒಂದೆರಡು ಸ್ವರ ಜಾರಿದರೂ, ಅವಳು ಹಾಡುತ್ತಲೇ ಇರುತ್ತಾಳೆ.