ಎಗ್ಮೋರಿನ ಕಡತ, ಕರಾವಳಿಯ ಕಾಡು

ಪರಿಸರ ಮತ್ತು ಸಮಾಜದ ಸಂಬಂಧವನ್ನು ಕುರಿತು ಸ್ವತಂತ್ರವಾಗಿ ಸಂಪ್ರಬಂಧ ರಚಿಸಹೊರಡುವ ಕನ್ನಡ ವಿದ್ಯಾರ್ಥಿಗೆ ಚೆನ್ನೈ ತಕ್ಕ ನೆಲೆಯಲ್ಲವೆಂದು ಮೊದಲಿಗೆ ತೋರಬಹುದು. ಆದರೆ ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುದರಿಂದ, ಆ ಜಿಲ್ಲೆಯ ಕಾಡಿನ ಚರಿತ್ರೆಯನ್ನು ಅರಸುವವರು ಎಗ್ಮೋರಿನ ತಮಿಳುನಾಡು ಪತ್ರಾಗಾರದ ಮೆಟ್ಟಿಲನ್ನು ಹತ್ತಲೇಬೇಕಾಗುತ್ತದೆ.

ಕುಮರಿ ಬೇಸಾಯದ ಸಂಗತಿಯನ್ನೇ ನೋಡಬಹುದು. ಗುಡ್ಡದ ಕಾಡನ್ನು ಕಡಿದು, ಒಣಗಿಸಿ ಸುಟ್ಟು, ಬೂದಿಯ ಮೇಲೆ ಬಿತ್ತಿ, ಒಂದೆರಡು ಬೆಳೆಯ ಬಳಿಕ ಆ ನೆಲವನ್ನು ವರ್ಷಗಟ್ಟಲೆ ಬೀಳುಬಿಡುವ ಪದ್ಧತಿಯದು. 1856ರಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಮದರಾಸು ಪ್ರಾಂತದ ಅರಣ್ಯ ಸಂರಕ್ಷಕನಾದನು. ಅದೇ ವರ್ಷ ರಾಯಪುರಂನಿಂದ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿತು. ಹಡಗಿಗೂ ಹಳಿಗೂ ಮರ ಬೇಕಾಗಿದ್ದ ಕಾಲವದು. 1860ರಲ್ಲಿ ಸರ್ಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದೆ ಕುಮರಿ ಮಾಡುವುದು ನಿಷಿದ್ಧವಾಯಿತು. ಕಡತದಲ್ಲಿ ಕುಮರಿಯವನು ಕಾಡಿನ ವೈರಿಯಾಗಿ ಕಾಣಿಸಿಕೊಳ್ಳುತ್ತಾನೆ. ಅವನ ಮಾತು ಮಾತ್ರ ಅಲ್ಲಿ ವಿರಳ.

ಇಲ್ಲಿ ಸಂಶೋಧಕನೆದುರು ಎರಡು ಸುಲಭದ ದಾರಿಗಳಿವೆ: ಅಧಿಕಾರಿಯ ಬರಹವನ್ನು ನಂಬಿಬಿಡುವುದು, ಇಲ್ಲವೆ ಕುಮರಿಯವನನ್ನು ನಿಷ್ಕಳಂಕನೆಂದು ಸಾರಿಬಿಡುವುದು. ಎರಡೂ ಅಧ್ಯಯನವಲ್ಲ. ಬೀಳಿನ ಅವಧಿ ಎಷ್ಟಿತ್ತು? ಕಾಡು ಮೀಸಲಾಗಿ ನೆಲ ಕಿರಿದಾದಾಗ ಆ ಅವಧಿಯೂ ಕಿರಿದಾಯಿತೆ? ಮರದ ವ್ಯಾಪಾರ ಕಡಿದದ್ದೆಷ್ಟು, ಕುಮರಿ ಸುಟ್ಟದ್ದೆಷ್ಟು? ಇಂಥ ಪ್ರಶ್ನೆಗಳನ್ನು ಹಿಡಿದು ಹೋದಾಗಲೇ ಕಡತ ಬಾಯಿಬಿಡುತ್ತದೆ.

ಕನ್ನಡದ ಅಭ್ಯಾಸಿ ಈ ಕೆಲಸಕ್ಕೆ ತರಬಹುದಾದ ವಿಶೇಷ ಸಾಧನವೆಂದರೆ ಪದವಿವೇಕ. ಕಡತವು ಪಾಳುಭೂಮಿಯೆಂದು ಕರೆದ ನೆಲದಲ್ಲಿ ಒಂದು ಭಾಗ ದಕ್ಷಿಣ ಕನ್ನಡದ ರೈತನಿಗೆ ಕುಮ್ಕಿ. ಅಂದರೆ ಸಾಗುವಳಿಯ ಅಂಚಿನಿಂದ 100 ಗಜದೊಳಗೆ ಸೊಪ್ಪು, ಸೌದೆ, ಮೇವುಗಳನ್ನು ಪಡೆಯುವ ಹಕ್ಕು. ಗದ್ದೆಯ ಫಲವತ್ತತೆ ಆ ಪಾಳಿನಿಂದಲೇ ಬರುತ್ತಿತ್ತು. ಒಂದು ಪದವನ್ನು ತಪ್ಪಾಗಿ ಅನುವಾದಿಸಿದರೆ ಒಂದು ಹಕ್ಕೇ ಕಾಣೆಯಾದೀತು. ಕಿಟ್ಟೆಲ್ ಅವರ 1894ರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾನಿಲಯದಿಂದ 1968–71ರಲ್ಲಿ ಹೊರತಂದ ನಗರವೂ ಇದೇ. ಆ ನಿಘಂಟು ಮತ್ತು ಎಗ್ಮೋರಿನ ಕಡತ ಒಂದೇ ಮೇಜಿನ ಮೇಲೆ ಕೂಡಬೇಕು.

ಆದರೂ ಮೇಜು ಸಾಲದು. ಕುಮರಿಯನ್ನು ನೆಚ್ಚಿ ಬದುಕಿದ್ದ ಕುಡುಬಿಯರ ಮನೆಮಾತು ಕೊಂಕಣಿ. ಅವರ ನೆನಪುಗಳನ್ನು ಕೇಳದೆ ಕನ್ನಡದ ಸಂಪ್ರಬಂಧವೂ ಪೂರ್ಣವಾಗದು. ಸ್ವತಂತ್ರ ಸಂಶೋಧನೆಯೆಂದರೆ ಮಾರ್ಗದರ್ಶಕರಿಲ್ಲದ ಸಂಶೋಧನೆಯೆಂದಲ್ಲ. ಯಾರ ಮಾತನ್ನು ಪ್ರಮಾಣವೆಂದು ಸ್ವೀಕರಿಸಲಾಯಿತು, ಏಕೆ ಸ್ವೀಕರಿಸಲಾಯಿತು ಎಂಬುದಕ್ಕೆ ಸಂಶೋಧಕನೇ ಉತ್ತರಿಸಬೇಕಾದ ಹೊಣೆಗಾರಿಕೆ.